ಹದವಾಗಿ ಸೋರುವ ನಲ್ಲಿ

ನಮ್ಮ ಅಡುಗೆಮನೆಯ ನಲ್ಲಿ ಸೋರಲು ಶುರುವಾಗಿ ಒಂಬತ್ತು ದಿನವಾಗಿತ್ತು. ಫೋನ್ ಮಾಡಿದಾಗಲೆಲ್ಲ ಪ್ಲಂಬರ್ "ನಾಳೆ ಬೆಳಗ್ಗೆನೇ ಬಂದೆ ಸಾರ್" ಅನ್ನುತ್ತಿದ್ದ. ಅವನ ನಾಳೆ ಯಾವ ಪಂಚಾಂಗದ್ದೋ. ನಲ್ಲಿಯ ಕೆಳಗೆ ಪಾತ್ರೆ ಇಟ್ಟಿದ್ದೆವು. ರಾತ್ರಿಯೆಲ್ಲ ಟಪ್, ಟಪ್. ಮೊದಲೆರಡು ದಿನ ನಿದ್ದೆ ಕೆಟ್ಟಿತು. ಮೂರನೇ ದಿನ ಎದ್ದು ಕೂತು ಗಡಿಯಾರ ಹಿಡಿದು ಎಣಿಸಿದೆ. ನಿಮಿಷಕ್ಕೆ 42 ಹನಿ.

"ಹನಿ ಎಣಿಸೋ ಬದಲು ಒಂದು ವಾಷರ್ ತಂದು ಹಾಕಬಾರದೇನ್ರೀ?" ಎಂದಳು ಹೆಂಡತಿ.

ಹಾಕಬಹುದಿತ್ತು. ಆದರೆ ಆ ವಾರ ನನ್ನ ತಲೆಯೊಳಗೆ ಬೇರೆಯೇ ಒಂದು ನಲ್ಲಿ ಕೂತಿತ್ತು. ಅದು ಸೋರದಿದ್ದರೆ ಕೆಟ್ಟಿದೆ ಎಂದರ್ಥ. ಜಾಸ್ತಿ ಸೋರಿದರೂ ಕೆಟ್ಟಿದೆ ಎಂದರ್ಥ. ಹದವಾಗಿ ಸೋರುವುದೇ ಅದರ ಉದ್ಯೋಗ.

ಪಿಟ್ಸ್‌ಬರ್ಗಿನಲ್ಲಿರುವ ಅಕ್ಕನ ಮಗ ಈ ಸಲ ಬಂದಾಗ ಚಾಕಲೇಟಿನ ಜೊತೆ ಕಾಲುಚೀಲದಲ್ಲಿ ಸುತ್ತಿದ ಒಂದು ಹಿತ್ತಾಳೆ ವಸ್ತು ಕೊಟ್ಟ. "ಮಾಮಾ, ನಿಮಗೆ ಹಳೇ ಸಾಮಾನು ಅಂದ್ರೆ ಇಷ್ಟ ಅಲ್ವಾ? ಸಂತೇಲಿ ಸಿಕ್ತು. ಗಣಿ ಕೆಲಸದವರ ದೀಪ ಅಂತೆ." ಬಿಚ್ಚಿ ನೋಡಿದೆ. ಕಾಫಿ ಲೋಟಕ್ಕಿಂತ ಸ್ವಲ್ಪ ದೊಡ್ಡದು. ಒಂದರ ಮೇಲೊಂದು ಕೂತ ಎರಡು ಬಟ್ಟಲು, ಕೆಳಗಿನದನ್ನು ತಿರುಗಿಸಿ ಬಿಚ್ಚಬಹುದು. ಮುಂದೆ ಸಾರಿನ ಸೌಟಿನ ತಲೆಯಷ್ಟಗಲ ಹೊಳೆಯುವ ರಿಫ್ಲೆಕ್ಟರ್. ಅದರ ನಡುವೆ ಮೂಗುಬೊಟ್ಟಿನಂಥ ಬಿಳಿ ಮೂತಿ, ಮೂತಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ಹಿಂದೆ ಟೊಪ್ಪಿಗೆಗೆ ಸಿಕ್ಕಿಸುವ ಕೊಕ್ಕೆ. ನೆತ್ತಿಯ ಮೇಲೆ ಅತ್ತಿತ್ತ ಸರಿಯುವ ಪುಟ್ಟ ಹಿಡಿ. ಈ ಹಿಡಿಯೇ ನಾನು ಹೇಳಿದ ನಲ್ಲಿ. ತಯಾರಿಸಿದವರ ಹೆಸರು ಉಜ್ಜಿ ಉಜ್ಜಿ ಸವೆದುಹೋಗಿದೆ.

ಕೆಲಸ ಸರಳ. ಕೆಳಗಿನ ಬಟ್ಟಲಿಗೆ ಕಾರ್ಬೈಡ್ ಹರಳು, ಮೇಲಿನದಕ್ಕೆ ನೀರು. ಮಾವಿನಕಾಯಿಯನ್ನು ರಾತ್ರೋರಾತ್ರಿ ಹಣ್ಣು ಮಾಡಲು ಕಳ್ಳತನದಿಂದ ಇಡುತ್ತಾರಲ್ಲ, ಅದೇ ಕಾರ್ಬೈಡ್. ಹಿಡಿ ಸರಿಸಿದರೆ ನೀರು ಹನಿಹನಿಯಾಗಿ ಹರಳಿನ ಮೇಲೆ ಬೀಳುತ್ತದೆ. ಅಸಿಟಿಲೀನ್ ಗ್ಯಾಸ್ ಏಳುತ್ತದೆ. ಮೂತಿಯಿಂದ ಹೊರಬಂದು ಉರಿಯುತ್ತದೆ. ಬಟ್ಟಲಲ್ಲಿ ಉಳಿಯುವುದು ಬರೀ ಸುಣ್ಣ. ಬತ್ತಿ ಇಲ್ಲ, ಎಣ್ಣೆ ಇಲ್ಲ. ನೀರು ಹಾಕಿದರೆ ಉರಿಯುವ ದೀಪ.

ಈ ಹರಳು ಅಗ್ಗಕ್ಕೆ ಸಿಗುವಂತಾಗಿದ್ದೇ ಒಂದು ಎಡವಟ್ಟಿನಿಂದ. ಥಾಮಸ್ ವಿಲ್ಸನ್ ಎಂಬ ಕೆನಡಾದವನು 1892ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಸ್ಪ್ರೇ ಎಂಬ ಊರಿನಲ್ಲಿ ಅಲ್ಯೂಮಿನಿಯಂ ಮಾಡುವ ದಾರಿ ಹುಡುಕುತ್ತಿದ್ದ. ಸುಣ್ಣವನ್ನೂ ಟಾರನ್ನೂ ವಿದ್ಯುತ್ ಕುಲುಮೆಗೆ ಹಾಕಿ ಕಾಯಿಸಿದ. ಅಲ್ಯೂಮಿನಿಯಂ ಬರಲಿಲ್ಲ, ಬೂದು ಬಣ್ಣದ ಗಟ್ಟಿ ಬಂತು. ನೀರಿಗೆ ಹಾಕಿದರೆ ಬುಸುಬುಸು ಗ್ಯಾಸ್ ಬಿಟ್ಟಿತು. ಕಡ್ಡಿ ಗೀರಿದರೆ ಮಸಿ ಕಾರುತ್ತಾ ಉರಿಯಿತು. ಮೂವತ್ತು ವರ್ಷ ಮೊದಲೇ ಜರ್ಮನಿಯ ವೋಲರ್ ಕಾರ್ಬೈಡ್ ಮಾಡಿ ತೋರಿಸಿದ್ದನಾದರೂ ಅದು ಪ್ರಯೋಗಶಾಲೆಯ ಮಾತು. ಡಬ್ಬಿಗಟ್ಟಲೆ ಮಾರುವಂತಾಗಿದ್ದು ವಿಲ್ಸನ್ನನ ನಂತರ. ಸೈಕಲ್ಲಿಗೆ, ಗಾಡಿಗೆ, ಆಮೇಲೆ ಕಾರಿಗೂ ಇದರ ದೀಪ ಬಂತು. ಫೋರ್ಡ್ ಮಾಡೆಲ್ ಟಿ ಮೊದಮೊದಲು ಕತ್ತಲಲ್ಲಿ ದಾರಿ ಕಂಡಿದ್ದು ಈ ಗ್ಯಾಸಿನಿಂದಲೇ. ನ್ಯೂಯಾರ್ಕಿನ ಫ್ರೆಡರಿಕ್ ಬಾಲ್ಡ್‌ವಿನ್ 1900ರ ಆಗಸ್ಟ್ 28ರಂದು ತನ್ನ ಕಾರ್ಬೈಡ್ ದೀಪಕ್ಕೆ ಪೇಟೆಂಟ್ ಪಡೆದ. ಮುಂದಿನ ಕೆಲವೇ ವರ್ಷಗಳಲ್ಲಿ ದೀಪ ಕುಗ್ಗುತ್ತಾ ಕುಗ್ಗುತ್ತಾ ಗಣಿಯವನ ಹಣೆಯ ಮೇಲೆ ಬಂದು ಕೂತಿತು.

ಅದಕ್ಕೆ ಮುಂಚೆ ಆ ಹಣೆಯ ಮೇಲೆ ಏನಿತ್ತು ಗೊತ್ತಾ? ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಲ್ಲಿ ಟೊಪ್ಪಿಗೆಗೆ ಒಂದು ಮುದ್ದೆ ಜೇಡಿಮಣ್ಣು ಮೆತ್ತಿ ಅದರಲ್ಲಿ ಮೇಣದಬತ್ತಿ ನೆಡುತ್ತಿದ್ದರು. ಸ್ಕಾಟ್ಲೆಂಡಿನವರು ಟೀ ಕೆಟಲಿನ ಮರಿಯಂಥ ಎಣ್ಣೆ ದೀಪ ತಂದರು. ಕೊಕ್ಕಿನಲ್ಲಿ ಬತ್ತಿ, ಮೂಗಿನ ತುಂಬ ಹೊಗೆ. ಅಂಥವರ ಮುಂದೆ ಬೆಳ್ಳಗೆ ಉರಿಯುವ ಕಾರ್ಬೈಡ್ ಇಟ್ಟರೆ ಬೇಡ ಅನ್ನುತ್ತಾರೆಯೇ?

ಬೇಡ ಅನ್ನಲಿಲ್ಲ. ಆದರೆ ಬೈದಿರಬೇಕು, ಚೆನ್ನಾಗಿಯೇ ಬೈದಿರಬೇಕು. ಬೆಳಕು ಕಂಡುಹಿಡಿದಾಗಿತ್ತು. ನಲ್ಲಿಯದೇ ತಾಪತ್ರಯ.

ಯೋಚಿಸಿ ನೋಡಿ. ಆಸ್ಪತ್ರೆಯಲ್ಲಿ ಡ್ರಿಪ್ಸ್ ಹಾಕಿದಾಗ ನರ್ಸ್ ಬಂದು ಪುಟ್ಟ ಚಕ್ರ ತಿರುಗಿಸಿ ಹನಿ ಎಣಿಸಿ ಹೋಗುತ್ತಾರೆ. ಅಲ್ಲಿ ರೋಗಿ ಮಲಗಿರುತ್ತಾನೆ, ಬಾಟಲಿ ನೆಟ್ಟಗೆ ನೇತಾಡುತ್ತಿರುತ್ತದೆ. ಇಲ್ಲಿ ಬಾಟಲಿಯನ್ನು ಹಣೆಗೆ ಕಟ್ಟಿಕೊಂಡವನು ಬಗ್ಗುತ್ತಾನೆ, ತೆವಳುತ್ತಾನೆ, ಪಿಕಾಸಿ ಬೀಸುತ್ತಾನೆ. ಹನಿ ಜಾಸ್ತಿ ಬಿದ್ದರೆ ಜ್ವಾಲೆ ಗೇಣುದ್ದ ಚಾಚಿ ಮಸಿ ಕಾರುತ್ತದೆ. ಕಡಿಮೆಯಾದರೆ ಕಣ್ಣು ಮಿಟುಕಿಸಿ ಆರುತ್ತದೆ. ಭೂಮಿಯ ಕೆಳಗೆ ಆರಿದರೆ ಅದು ನಮ್ಮ ಕರೆಂಟು ಹೋದಂಥ ಕತ್ತಲಲ್ಲ. ಅಂಗೈಯನ್ನು ಕಣ್ಣಿಗೆ ತಾಗಿಸಿ ಹಿಡಿದರೂ ಕಾಣುವುದಿಲ್ಲ.

ಅರ್ಧ ಕೆಲಸವನ್ನು ಗ್ಯಾಸೇ ನೋಡಿಕೊಳ್ಳುತ್ತಿತ್ತು. ಕೆಳಗೆ ಗ್ಯಾಸ್ ಜಾಸ್ತಿಯಾದಾಗ ಅದರ ಒತ್ತಡವೇ ನೀರಿನ ಕೊಳವೆಗೆ ಎದುರಾಗಿ ಹನಿಯನ್ನು ತಡೆಯುತ್ತದೆ. ಗ್ಯಾಸ್ ಇಳಿದಾಗ ಹನಿ ಮತ್ತೆ ಬೀಳುತ್ತದೆ. ಚೆಂದದ ಏರ್ಪಾಡು. ಆದರೆ ಕೊಳವೆಯ ತುದಿ ಮುಳುಗಿರುವುದು ಸುಣ್ಣದಲ್ಲಿ. ಗಂಟೆ ಕಳೆಯುವುದರೊಳಗೆ ಒದ್ದೆ ಸುಣ್ಣ ಮೆತ್ತಿಕೊಂಡು ತೂತು ಮುಚ್ಚುತ್ತದೆ. ಇದಕ್ಕೆ ಮಾಡಿದ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ. ನಲ್ಲಿಯ ಹಿಡಿಗೆ ಒಂದು ತಂತಿ ಜೋಡಿಸಿ ಅದನ್ನು ಕೊಳವೆಯ ಉದ್ದಕ್ಕೂ ಕೆಳಗಿನ ಹರಳಿನವರೆಗೆ ಇಳಿಬಿಟ್ಟರು. ಹಿಡಿಯನ್ನು ಅತ್ತಿತ್ತ ಆಡಿಸಿದರೆ ತಂತಿಯೂ ಆಡುತ್ತದೆ, ಸುಣ್ಣ ಉದುರುತ್ತದೆ. ನೀರನ್ನು ಜಾಸ್ತಿ ಕಡಿಮೆ ಮಾಡುವ ಕೈಯೇ ಕೊಳವೆಯನ್ನೂ ತೊಳೆದಂತಾಯಿತು. ಪೈಸೆ ಖರ್ಚಿನ ತಂತಿ. ಇದನ್ನು ಯೋಚಿಸಿದವನು ಕತ್ತಲಲ್ಲಿ ಕೂತು ಕಡ್ಡಿ ಹಾಕಿ ಕೊಳವೆ ಕೆರೆದವನೇ ಇರಬೇಕು ಎಂದು ನನ್ನ ಗುಮಾನಿ.

ಹಿಡಿಗೂ ಮೆಟ್ಟಿಲು ಮೆಟ್ಟಿಲಾಗಿ ಹಲ್ಲು ಕೊರೆದರು. ಕೆಸರು ಮೆತ್ತಿದ ಬೆರಳಿಗೆ, ನೋಡದೆಯೇ, ಎಷ್ಟನೇ ಮೆಟ್ಟಿಲು ಎಂದು ಗೊತ್ತಾಗಬೇಕಲ್ಲ. ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಮಾಡುತ್ತಿದ್ದ ಒಂದು ದೀಪದ ಹೆಸರೇ 'ಗೈಸ್ ಡ್ರಾಪರ್'. ಗೈ ಎಂಬವನ ಹನಿಕ ಅನ್ನೋಣ. ಬೆಳಕು ಮಾರುವವನು ದೀಪಕ್ಕೆ ಹನಿಯ ಹೆಸರಿಡುತ್ತಾನೆ ಎಂದರೆ ಗಿರಾಕಿಯ ನೋವು ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು.

ಉಳಿದ ಸುಧಾರಣೆಗಳೂ ಇಂಥವೇ. ಮೇಲಿನ ಬಟ್ಟಲಿನ ಮುಚ್ಚಳದಲ್ಲಿ ಸೂಜಿ ಮೊನೆಯಷ್ಟು ತೂತು. ಎಣ್ಣೆ ಡಬ್ಬಿಗೆ ನಾವು ಎರಡು ತೂತು ಹೊಡೆಯುತ್ತೇವಲ್ಲ, ಅದೇ ಕಾರಣಕ್ಕೆ. ಸುಣ್ಣದ ಪುಡಿ ಗ್ಯಾಸಿನ ಜೊತೆ ಮೂತಿಗೆ ಬರದಂತೆ ನಡುವೆ ಒಂದು ಬಿಲ್ಲೆ ಫೆಲ್ಟ್ ಬಟ್ಟೆ. ಆದರೂ ಮೂತಿ ಕಟ್ಟಿಕೊಳ್ಳುತ್ತಿತ್ತು. ಅದನ್ನು ಬಿಡಿಸಲು ಜೇಬಿನಲ್ಲಿ ತಂತಿ ಸೂಜಿ. ಸೀಮೆಎಣ್ಣೆಯ ಪಂಪ್ ಸ್ಟವ್ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮಮ್ಮನ ಅರ್ಧ ಆಯುಸ್ಸು ಸ್ಟವ್ ಪಿನ್ ಹುಡುಕುವುದರಲ್ಲೇ ಕಳೆಯಿತು.

ಕಡ್ಡಿಪೆಟ್ಟಿಗೆ ಗಣಿಯ ತೇವಕ್ಕೆ ಬೇಗ ಸಾಯುತ್ತದೆ. ಅದಕ್ಕೆ ರಿಫ್ಲೆಕ್ಟರಿಗೇ ಲೈಟರಿನ ಕಲ್ಲು, ಹಲ್ಲುಚಕ್ರ ಕೂರಿಸಿದರು. ಹಚ್ಚುವುದಕ್ಕೂ ಒಂದು ಕೈಚಳಕ ಬಂತು. ಅಂಗೈಯಿಂದ ರಿಫ್ಲೆಕ್ಟರನ್ನು ಮುಚ್ಚಬೇಕು. ಗ್ಯಾಸ್ ತುಂಬಲು ಒಂದೆರಡು ಕ್ಷಣ ಬಿಡಬೇಕು. ಆಮೇಲೆ ಅಂಗೈಯನ್ನು ಸರ್ರನೆ ಪಕ್ಕಕ್ಕೆ ಎಳೆಯಬೇಕು. ಎಳೆಯುವ ಅಂಗೈಯೇ ಚಕ್ರ ತಿರುಗಿಸುತ್ತದೆ. ಕಿಡಿ, ಪಟ್, ಬೆಳಕು. ನೀರು ಮುಗಿದರೆ ಉಗುಳು, ಅದೂ ಸಾಲದಿದ್ದರೆ ಉಚ್ಚೆ. ಗುಹೆ ಹೊಕ್ಕುವ ಹವ್ಯಾಸದವರು ಇದನ್ನು ಇವತ್ತಿಗೂ ನಗುತ್ತಾ ಹೇಳಿಕೊಳ್ಳುತ್ತಾರೆ.

ಇಷ್ಟೆಲ್ಲ ತಿಳಿದ ಮೇಲೆ ಹಚ್ಚದೇ ಇರಲಾದೀತೇ? ವೆಲ್ಡಿಂಗ್ ಅಂಗಡಿಗೆ ಹೋದೆ. "ಈಗೆಲ್ಲ ಸಿಲಿಂಡರ್ ಸಾರ್, ಕಾರ್ಬೈಡ್ ಯಾರ್ ಇಡ್ತಾರೆ" ಎಂದ ಹುಡುಗ. ಆದರೂ ಹಿಂದಿನ ಕೋಣೆಯ ತಗಡಿನ ಡಬ್ಬಿ ಕೆರೆದು ನಾಲ್ಕು ಹರಳು ಕೊಟ್ಟ. ಬ್ಯಾಗೆಲ್ಲ ಬೆಳ್ಳುಳ್ಳಿ ವಾಸನೆ. ಸಂಜೆ ತಾರಸಿಯಲ್ಲಿ ಶಾಸ್ತ್ರೋಕ್ತವಾಗಿ ಕೂತೆ. ಹರಳು ಸುಣ್ಣವಾಗುತ್ತಾ ಅಕ್ಕಿ ಅನ್ನವಾದ ಹಾಗೆ ಉಬ್ಬುತ್ತದೆ, ಬಟ್ಟಲು ಅರ್ಧ ಮಾತ್ರ ತುಂಬಬೇಕು. ತುಂಬಿದೆ. ನೀರು ಹಾಕಿದೆ. ಹಿಡಿ ಸರಿಸಿದೆ. ಕಿಡಿ ಹಾರಲಿಲ್ಲ, ಕಲ್ಲು ಯಾವಾಗಲೋ ಸವೆದಿತ್ತು. ಕಡ್ಡಿ ಗೀರಿದೆ.

ಮೂತಿಯಲ್ಲಿ ಉರಿಯುವ ಬದಲು ದೀಪ ಸೊಂಟದಲ್ಲಿ ಹೊತ್ತಿಕೊಂಡಿತು. ಎರಡು ಬಟ್ಟಲು ಸೇರುವ ಕಡೆ ಇರುವ ರಬ್ಬರ್ ಉಂಗುರ ಒಣಗಿ ಹಪ್ಪಳವಾಗಿತ್ತು. ಗ್ಯಾಸೆಲ್ಲ ಅಲ್ಲಿಂದಲೇ ಹೊರಗೆ. ಮದುವಣಗಿತ್ತಿಗೆ ಡಾಬು ಕಟ್ಟಿದ ಹಾಗೆ ಸುತ್ತಲೂ ಬೆಂಕಿ. ನಾನು ಕೈಬಿಟ್ಟೆ. ಗಿಡಕ್ಕೆ ಎಂದು ಇಟ್ಟಿದ್ದ ನೀರಿನ ಬಕೆಟ್ ಎತ್ತಿದೆ. ಸುರಿಯಲು ಬಗ್ಗಿದವನಿಗೆ ತಟ್ಟನೆ ಹೊಳೆಯಿತು. ಅಯ್ಯೋ, ಇದು ನೀರು ಹಾಕಿದರೆ ಉರಿಯುವ ದೀಪ! ಬಕೆಟ್ ಹಿಡಿದುಕೊಂಡೇ ನಿಂತೆ. ಹಿಡಿ ಮುಚ್ಚಿದರೂ ಆಗಲೇ ಒಳಗೆ ಬಿದ್ದ ನೀರು ಗ್ಯಾಸ್ ಕೊಡುತ್ತಲೇ ಇರುತ್ತದೆ. ಈ ದೀಪದ ಮೇಲೆ ಗಣಿಯವರಿಗೆ ಇದ್ದ ಹಳೆಯ ಸಿಟ್ಟುಗಳಲ್ಲಿ ಅದೂ ಒಂದು. ಕೊನೆಗೆ ದಾಸವಾಳದ ಕುಂಡವನ್ನೇ ಅದರ ಮೇಲೆ ಬೋರಲು ಹಾಕಿದೆ. ಸದ್ದು ಕೇಳಿ ಹತ್ತಿ ಬಂದವಳು ಕುಂಡ ನೋಡಿದಳು, ಬಕೆಟ್ ನೋಡಿದಳು, ಹಗ್ಗದ ಮೇಲಿದ್ದ ನನ್ನ ಬಿಳಿ ಪಂಚೆಗೆ ಹಿಡಿದ ಮಸಿ ನೋಡಿದಳು. "ಸೋರೋದನ್ನೆಲ್ಲ ರಿಪೇರಿ ಮಾಡಿಸಿ ಅಂತ ಅದಕ್ಕೇ ಹೇಳೋದು" ಎಂದು ಕೆಳಗಿಳಿದಳು.

ಎಷ್ಟು ತಿದ್ದಿದರೂ ತಿದ್ದಲಾಗದ್ದು ಒಂದಿತ್ತು. ಬೆಂಕಿ. ಗಾಳಿಯಲ್ಲಿ ಆಮ್ಲಜನಕ ಕುಗ್ಗಿದರೆ ಮೇಣದಬತ್ತಿ 16-17%ಕ್ಕೇ ಆರಿ ಎಚ್ಚರಿಸುತ್ತಿತ್ತು. ಕಾರ್ಬೈಡ್ ಜ್ವಾಲೆ 12-13%ವರೆಗೂ ಹಟ ಹಿಡಿದು ಉರಿಯುತ್ತದೆ. ಅಷ್ಟರಲ್ಲಿ ಮನುಷ್ಯನಿಗೇ ತಲೆ ತಿರುಗಿರುತ್ತದೆ. ಕಲ್ಲಿದ್ದಲ ಗಣಿಯಲ್ಲಿ ಮೀಥೇನ್ ಇದ್ದರಂತೂ ಮುಗಿಯಿತು. 1932ರ ಡಿಸೆಂಬರ್ 24, ಕ್ರಿಸ್‌ಮಸ್ಸಿನ ಹಿಂದಿನ ದಿನ, ಇಲಿನಾಯ್‌ನ ಮೊವೀಕ್ವಾ ಗಣಿಯಲ್ಲಿ ಸ್ಫೋಟವಾಗಿ 54 ಜನ ಸತ್ತರು. ಬೊಟ್ಟು ತೋರಿಸಿದ್ದು ಕಾರ್ಬೈಡ್ ದೀಪದ ಬಿಚ್ಚು ಜ್ವಾಲೆಯ ಕಡೆಗೆ. ಸೊಂಟಕ್ಕೆ ಬ್ಯಾಟರಿ, ಹಣೆಗೆ ಬಲ್ಬು ಕಟ್ಟುವ ಎಡಿಸನ್ನನ ದೀಪ ಅದಕ್ಕೂ ಸುಮಾರು ಹದಿನೆಂಟು ವರ್ಷ ಮೊದಲೇ ಬಂದಿತ್ತು. ಕಲ್ಲಿದ್ದಲ ಗಣಿಗಳು ಮೆಲ್ಲಗೆ ಆ ಕಡೆ ಹೊರಳಿದವು.

ಇನ್ನೊಂದು ಮಾತು. ಕಾರ್ಬೈಡ್ ಮಾಡಲೆಂದೇ 1898ರಲ್ಲಿ ಹುಟ್ಟಿದ ಕಂಪನಿಯ ಹೆಸರು ಯೂನಿಯನ್ ಕಾರ್ಬೈಡ್. ನಮ್ಮ ಮನೆಗಳ ಟಾರ್ಚಿಗೆ ಎವರೆಡಿ ಸೆಲ್ ಮಾರಿದ್ದೂ ಅದೇ. ಭೋಪಾಲದ ನಂತರ ಆ ಹೆಸರನ್ನು ದೀಪದ ಜೊತೆ ನೆನೆಯಲು ಮನಸ್ಸಾಗುವುದಿಲ್ಲ.

ಹತ್ತನೇ ದಿನ ಪ್ಲಂಬರ್ ಬಂದ. ಅಡುಗೆಮನೆಗೆ ಹೋಗುವ ದಾರಿಯಲ್ಲಿ ಮೇಜಿನ ಮೇಲಿದ್ದ ದೀಪ ಕಂಡಿತು. ಕೈಗೆತ್ತಿಕೊಂಡು ಬಿಚ್ಚಿದ. ಹಿಡಿ ಆಡಿಸಿ ಕಿವಿ ಹತ್ತಿರ ಹಿಡಿದ. "ಒಳಗೆ ತಂತಿ ಇದೆ ಸಾರ್. ಸಖತ್ ಐಡಿಯಾ" ಎಂದ. ನಾನು ಪುಸ್ತಕ ಓದಿ ಎರಡು ದಿನಕ್ಕೆ ತಿಳಿದದ್ದು ಅವನಿಗೆ ಅರ್ಧ ನಿಮಿಷಕ್ಕೆ ತಿಳಿಯಿತು. ಚೀಲದಿಂದ ಹಳೆಯ ಲಾರಿ ಟ್ಯೂಬಿನ ತುಂಡು ತೆಗೆದು, ಬಟ್ಟಲನ್ನು ಅದರ ಮೇಲೆ ಒತ್ತಿ ಗುರುತು ಮಾಡಿ, ಬ್ಲೇಡಿನಲ್ಲಿ ಉಂಗುರ ಕತ್ತರಿಸಿದ. ಇಬ್ಬರೂ ತಾರಸಿಗೆ ಹೋದೆವು. ಉಳಿದಿದ್ದು ಎರಡು ಹರಳು. ಹನಿಯನ್ನು ಅವನೇ ಹದಕ್ಕೆ ತಂದ. ನಾನು ಕಡ್ಡಿ ಗೀರಿದೆ.

ಒಂದು ಅಂಗುಲದ ಜ್ವಾಲೆ, ಹಾಲಿನಂಥ ಬಿಳುಪು, ಸಣ್ಣಗೆ ಸುಯ್ ಎನ್ನುವ ಸದ್ದು. ನೀರಿನ ಟ್ಯಾಂಕಿನ ಗೋಡೆಯ ಮೇಲೆ ದುಂಡಗೆ ಬೆಳಕು ಬಿತ್ತು. ಗೋಡೆಯ ಒಂದೊಂದು ಬಿರುಕೂ ಕಂಡಿತು. ಕೈಯಲ್ಲಿ ಹಿಡಿದಿದ್ದ ಬಟ್ಟಲು ಆಗಷ್ಟೇ ಇಳಿಸಿದ ಕಾಫಿಯ ಹಾಗೆ ಬೆಚ್ಚಗಾಯಿತು. ಹರಳು ಮುಗಿಯುವವರೆಗೂ ನಾವಿಬ್ಬರೂ ಮಾತಾಡಲಿಲ್ಲ.

ಕೆಳಗಿಳಿದು ಅವನು ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಿದ. "ಇದು ವಾಷರ್ ಅಲ್ಲ ಸಾರ್, ಸ್ಪಿಂಡಲ್ಲೇ ಹೋಗಿದೆ. ನಾಳೆ ಬೆಳಗ್ಗೆನೇ ತಂದೆ" ಎಂದು ಹೊರಟ.