ಇವತ್ತಿನ ಸೀನಿನ ಲೆಕ್ಕ

ನಮ್ಮ ಮನೆಯಲ್ಲಿ ಬೆಳಿಗ್ಗೆ ಅಲಾರಂ ಬೇಕಾಗಿಲ್ಲ. ಆರು ಗಂಟೆಗೆ ಸರಿಯಾಗಿ ನನ್ನ ಗಂಡ ಹೊದಿಕೆ ಕೊಡವುತ್ತಾರೆ. ಫಟ್! ಫಟಾರ್! ನಾನಿನ್ನೂ ಹಾಸಿಗೆಯಲ್ಲೇ ಇರುತ್ತೇನೆ. ನನ್ನ ಮೇಲಿದ್ದ ಹೊದಿಕೆಯನ್ನೇ ಎಳೆದುಕೊಂಡು ನನ್ನ ತಲೆಯ ಮೇಲೇ ಕೊಡವುವುದು. ಆಮೇಲೆ ಕಿಟಕಿ ಪೂರ್ತಿ ತೆರೆದು, ಸೊಂಟಕ್ಕೆ ಕೈ ಕೊಟ್ಟು ನಿಂತು, "ಆಹಾ, ಶುದ್ಧ ಗಾಳಿ!" ಅನ್ನುತ್ತಾರೆ. ಅಷ್ಟು ಹೊತ್ತಿಗೆ ನನ್ನದು ಮೂರನೇ ಸೀನು.

ಅಲರ್ಜಿ ಇರುವವರಿಗೆ ಗೊತ್ತು, ಇದು ಒಂದೆರಡು ಸೀನಿಗೆ ಮುಗಿಯುವ ವ್ಯವಹಾರವಲ್ಲ. ಮೂಗು, ಕಣ್ಣು, ಕೊನೆಗೆ ಅಂಗುಳು ಕೂಡ ತುರಿಸುತ್ತದೆ. ಅಂಗುಳು ತುರಿಸಿಕೊಳ್ಳಲು ನಾಲಿಗೆ ಬಿಟ್ಟರೆ ಬೇರೆ ದಾರಿಯಿಲ್ಲ. ಆಗ ಹೊರಡುವ ಸದ್ದು ಕಪ್ಪೆಗಳಿಗೆ ಅರ್ಥವಾಗಬಹುದು.

ನಾನು ಸೀನುವಾಗ ಅವರು ಎಣಿಸುತ್ತಾರೆ. ನೀರು ತಂದುಕೊಡುವುದಿಲ್ಲ, ಕಿಟಕಿ ಮುಚ್ಚುವುದಿಲ್ಲ, ಸುಮ್ನೆ ಎಣಿಸುತ್ತಾರೆ. ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ ಕೂಡ. ಸೋಮವಾರ 14, ಮಂಗಳವಾರ 17, ನಿನ್ನೆ 18. ಬಾಯಿ ತೆರೆದು, ಕಣ್ಣು ಮುಚ್ಚಿ, ಇನ್ನೇನು ಬಂತು ಅನ್ನುವಾಗ ಕೈಕೊಡುವ ಸೀನು ಇರುತ್ತದಲ್ಲ, ಅದು ಬಂದಾಗ ಪೆನ್ನು ಹಿಡಿದು ಕಾಯುತ್ತಾರೆ. "ಇದನ್ನ ಅರ್ಧ ಅಂತ ಹಾಕ್ಲಾ?"

ಕಳೆದ ವಾರ ಆನ್‌ಲೈನ್ ಮೀಟಿಂಗಿನಲ್ಲಿ "ಈ ವರದಿ ಯಾರು ಬರೀತೀರಿ?" ಎಂದು ಕೇಳಿದರು. ಎಲ್ಲರೂ ಉಸಿರು ಬಿಗಿಹಿಡಿದು ಕೂತರು. ನಾನು ಸೀನಿದೆ. ಸದ್ದು ಮಾಡಿದವರ ಚೌಕ ಮಿಂಚುತ್ತದಲ್ಲ, ನನ್ನದು ಮಿಂಚಿತು. "ಓ, ನೀವಾ? ಥ್ಯಾಂಕ್ಯೂ!" ವರದಿ ಇನ್ನೂ ಬರೆಯುತ್ತಾ ಇದ್ದೇನೆ.

ಆ ಸಿಟ್ಟಿನಲ್ಲೇ ಡಾಕ್ಟರ ಹತ್ತಿರ ಹೋದೆ. ಹಾಸಿಗೆಯಲ್ಲಿ ಡಸ್ಟ್ ಮೈಟ್ ಎಂಬ ನುಸಿಗಳಿರುತ್ತವಂತೆ. ಉದ್ದ 0.3 ಮಿಲಿಮೀಟರು, ಅಷ್ಟೇ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದುಕೊಂಡು ಹಾಯಾಗಿರುತ್ತವೆ, ಕಚ್ಚುವುದಿಲ್ಲ. ತೊಂದರೆ ಕೊಡುವುದು ಹೆಚ್ಚಾಗಿ ಅವುಗಳ ಹಿಕ್ಕೆ.

"ರೀ, ನೀವು ದಿನಾ ನನ್ನ ತಲೆ ಮೇಲೆ ಕೊಡವ್ತಾ ಇರೋದು ಹಿಕ್ಕೆ," ಅಂದೆ.

"ಅದಕ್ಕೇ ಅಲ್ವಾ ಕೊಡವ್ತಿರೋದು!" ಅಂದರು.

ಕೊಡವಿದ್ದು ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಹೊತ್ತು ಗಾಳಿಯಲ್ಲಿ ತೇಲಿ ಮತ್ತೆ ಹಾಸಿಗೆಗೇ ಇಳಿಯುತ್ತದೆ. ಇವರ ಸ್ವಚ್ಛತೆ ಅಂದರೆ ದೂಳಿಗೆ ಬೆಳಗಿನ ವಾಕಿಂಗ್. ಒದ್ದೆ ಬಟ್ಟೆಯಲ್ಲಿ ಒರೆಸಿ ಅಂದರೆ ಒದ್ದೆ ಬಟ್ಟೆಯಲ್ಲಿ ಫಟ್ ಅನ್ನುವ ಸದ್ದು ಬರುವುದಿಲ್ಲವಲ್ಲ, ಕೆಲಸ ಮಾಡಿದ ಹಾಗೇ ಅನ್ನಿಸುವುದಿಲ್ಲವಂತೆ.

ಪರಾಗದ ವಿಷಯ ಹೇಳಿದಾಗ ಮಾತ್ರ ತಕ್ಷಣ ಎದ್ದರು. ಹೂದಾನಿಯ ಗುಲಾಬಿಗಳನ್ನು ಆಚೆ ಇಟ್ಟು ಬಂದು, ದೊಡ್ಡ ತ್ಯಾಗ ಮಾಡಿದವರ ಹಾಗೆ ಕುಳಿತರು. ಪಾಪ, ಗುಲಾಬಿ ಏನು ಮಾಡಿತ್ತು? ಅಂಥ ಹೂಗಳ ಪರಾಗ ಭಾರ, ಅಂಟು ಅಂಟು, ಅದನ್ನು ಹೊರುವುದು ದುಂಬಿಗಳ ಕೆಲಸ. ನನ್ನ ಮೂಗು ಹುಡುಕಿಕೊಂಡು ಬರುವುದು ಹುಲ್ಲಿನದು, ಕೆಲವು ಮರಗಳದು. ಅವು ಹೂ ಬಿಟ್ಟದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಒಣಹವೆಯಲ್ಲಿ ಗಾಳಿ ಬೀಸಿದರೆ ಸಾಕು, ಸೀದಾ ಕಿಟಕಿಯಿಂದ ಒಳಗೆ. ಗುಲಾಬಿ ಹೊರಗೆ ಹೋಯಿತು, ಕಿಟಕಿ ತೆರೆದೇ ಇತ್ತು.

ಮತ್ತೆ ನಾನೇ ಸೊಂಟ ಕಟ್ಟಿದೆ. ದಿಂಬು, ಹಾಸಿಗೆಗೆ ಜಿಪ್ ಇರುವ ಒತ್ತು ನೇಯ್ಗೆಯ ಕವರ್ ಹಾಕಿದೆ. ವಾರಕ್ಕೊಮ್ಮೆ ಹೊದಿಕೆಗಳನ್ನು 60 ಡಿಗ್ರಿ ಬಿಸಿನೀರಿಗೆ ಹಾಕಿದೆ. ಹೊರಗಿಂದ ಬಂದ ಕೂಡಲೇ ಬಟ್ಟೆ ಬದಲಿಸಿ ತಲೆಗೂ ನೀರು ಹಾಕಿಕೊಂಡೆ. ಉಳಿದದ್ದು ಮಗಳ ಬಟ್ಟೆಯ ಕರಡಿ. ಬಿಸಿನೀರಿಗೆ ಅದು ತಡೆಯುವುದಿಲ್ಲ. ಒಂದು ದಿನ ಪೂರ್ತಿ ಫ್ರೀಜರಿನಲ್ಲಿಟ್ಟರೆ ನುಸಿ ಸಾಯುತ್ತದೆ, ಆಮೇಲೆ ತಣ್ಣೀರಲ್ಲಿ ತೊಳೆದರೆ ಹಿಕ್ಕೆಯೂ ಹೋಗುತ್ತದೆ ಅಂತ ತಿಳಿಯಿತು. ಇಟ್ಟೆ. ಅರ್ಧರಾತ್ರಿ ಐಸ್‌ಗೆ ಅಂತ ಫ್ರೀಜರ್ ತೆರೆದ ನನ್ನ ಗಂಡ ಕಿರುಚಿದ ಸದ್ದಿಗೆ ಪಕ್ಕದ ಮನೆಯ ದೀಪ ಹತ್ತಿತು.

ಮಗಳು ಹಾಸ್ಟೆಲಿಗೆ ಹೋಗಿ ಎರಡು ವರ್ಷವಾಯಿತು. ಆ ಕರಡಿಯ ಒಂದು ಕಿವಿಯಲ್ಲಿ ಇನ್ನೂ ಅವಳ ತಲೆಯೆಣ್ಣೆಯ ವಾಸನೆ ಇತ್ತು. ನನ್ನ ಕಟ್ಟಿದ ಮೂಗಿಗೂ ಅದೊಂದು ಹೇಗೋ ತಿಳಿಯುತ್ತಿತ್ತು. ತೊಳೆದ ಮೇಲೆ ಮೂಸಿ ನೋಡಿದೆ. ಬರೀ ಸೋಪು.

ಇವತ್ತು ಬೆಳಿಗ್ಗೆ ಬರೀ ಐದು ಸೀನು. ರಾತ್ರಿಯಿಡೀ ಮಳೆ ಸುರಿದು ಪರಾಗವೆಲ್ಲ ನೆಲ ಸೇರಿತ್ತು, ಹೊದಿಕೆ ನಿನ್ನೆ ತಾನೇ ಬಿಸಿನೀರು ಕಂಡಿತ್ತು. ನನ್ನ ಗಂಡ ಕ್ಯಾಲೆಂಡರಿನಲ್ಲಿ 5 ಅಂತ ಬರೆದು, ಸುತ್ತ ಒಂದು ವೃತ್ತ ಎಳೆದರು.

"ನೋಡಿದ್ಯಾ? ನಿನ್ನೆ ಸ್ವಲ್ಪ ಜೋರಾಗೇ ಕೊಡವಿದ್ದೆ."

ನಾಳೆಯಿಂದ ದಿಂಬನ್ನೂ ಸೇರಿಸಿಕೊಳ್ಳುತ್ತಾರಂತೆ.