ಎಸೆಯೋ ಗುಡ್ಡೆ

53ನೇ ವಯಸ್ಸಿನಲ್ಲಿ ನಮ್ಮ ಯಜಮಾನರಿಗೆ ಪುಣೆಗೆ ವರ್ಗವಾಯಿತು. ಮೈಸೂರಿನ ಈ ಮನೆಯಲ್ಲಿ ಎರಡು ಅಟ್ಟ. ಅಲ್ಲಿ ನೋಡಿಟ್ಟಿರುವ ಫ್ಲ್ಯಾಟಿನಲ್ಲಿ ಅಟ್ಟವೇ ಇಲ್ಲ. ಅರ್ಧ ಸಾಮಾನು ಎಸೆದುಬಿಡೋಣ ಅಂತ ಕಾಫಿ ಕುಡಿಯುತ್ತಾ ತೀರ್ಮಾನಿಸಿದೆವು. ಕಾಫಿ ಕುಡಿಯುವಾಗ ಎಲ್ಲವೂ ಸುಲಭ ಅಲ್ವಾ?

ಮೊದಲು ಬೀರು. ಬ್ಲೌಸ್ ಪೀಸು 61. ಒಂದರ ಮಡಿಕೆಯಲ್ಲಿ ನನ್ನದೇ ಕೈಬರಹದ ಚೀಟಿ: 'ಕೆಳಗಿನ ಮನೆಯವರಿಗೆ, ಗೌರಿ ಹಬ್ಬ.' ಯಾವ ವರ್ಷ ಕೊಟ್ಟಿದ್ದೆನೋ. ಊರಿನ ಅರಿಸಿನ ಕುಂಕುಮವನ್ನೆಲ್ಲ ಮುಗಿಸಿಕೊಂಡು ತವರಿಗೆ ವಾಪಸ್ ಬಂದಿದೆ. ಅದನ್ನು ಎಸೆಯಲು ಮನಸ್ಸು ಬರಲಿಲ್ಲ.

ದಸರಾ ಬೊಂಬೆಗಳ ಮಾತೇ ಬೇಡ. ಪಟ್ಟದ ಬೊಂಬೆ ಮದುವೆಯಲ್ಲಿ ಅಮ್ಮ ಕೊಟ್ಟದ್ದು. ರಾಜ ರಾಣಿಯನ್ನು ಮಾತ್ರ ಕರೆದುಕೊಂಡು ಹೋಗಿ ಪ್ರಜೆಗಳನ್ನು ಗುಜರಿಗೆ ಹಾಕೋಕಾಗತ್ತಾ? ಸುತ್ತಿರುವ ಪೇಪರ್ ಆದರೂ ಎಸೀರಿ ಅಂದೆ. ಇವರು 2011ರ ವರ್ಲ್ಡ್ ಕಪ್ ಫೈನಲ್ ವರದಿ ಓದುತ್ತಾ ಕೂತರು, ಗೆದ್ದವರು ಯಾರು ಅಂತ ಇನ್ನೂ ಗೊತ್ತಿಲ್ಲದವರ ಹಾಗೆ.

ಸಂಜೆಗೆ ಎಸೆಯೋ ಗುಡ್ಡೆಯಲ್ಲಿ ಇದ್ದದ್ದು ಒಂದೇ ಒಂದು ಮುರಿದ ಹ್ಯಾಂಗರ್.

ನನಗೆ ರೇಗಿತು. ಚೇತಕ್ ಸ್ಕೂಟರ್ ಮಾರಿ ಎಷ್ಟೋ ವರ್ಷವಾಗಿದೆ, ಅದರ ಟೂಲ್ ಚೀಲ ಮಾತ್ರ ಇನ್ನೂ ಅಟ್ಟದ ಮೇಲಿದೆ. ಎತ್ತಿ ಹ್ಯಾಂಗರ್ ಪಕ್ಕ ಒಗೆದೆ. ಅವರು ಸುಮ್ನಿರ್ತಾರಾ? ಅಡುಗೆಮನೆಗೆ ಹೋಗಿ ನನ್ನ ಹಳೇ ಹಾರ್ಲಿಕ್ಸ್ ಬಾಟಲಿ ತಂದು ಕುಕ್ಕಿದರು. ಮುಚ್ಚಳ ಹಾರಿತು. ಮೆಂತ್ಯ ಚೆಲ್ಲಿತು. ಮೆಂತ್ಯದ ಜೊತೆಗೆ ರಬ್ಬರ್ ಬ್ಯಾಂಡ್ ಹಾಕಿದ ಒಂದು ಸುರುಳಿ. ಹಳೇ ಐನೂರರ ನೋಟು, ಏಳು.

2016ರ ನವೆಂಬರ್ 8ರ ರಾತ್ರಿ, ಟಿವಿ ಮುಂದೆಯೇ ಇವರು ಕೇಳಿದ್ದರು: "ಎಲ್ಲಾದ್ರೂ ಬಚ್ಚಿಟ್ಟಿದ್ದೀಯಾ?" "ನನ್ನ ಹತ್ರ ಎಲ್ಲಿಂದ ಬರತ್ತೆ?" ಅಂದಿದ್ದೆ. ಆಮೇಲೆ ನಿಜವಾಗಲೂ ಮರೆತೇಹೋಯಿತು. ಮೆಂತ್ಯ ಮೇಲಿಂದ ತುಂಬುತ್ತಾ ಬಂದರೆ ತಳ ಯಾರು ನೋಡ್ತಾರೆ?

ಅವರ ಮುಖದಲ್ಲಿ ಗೆದ್ದ ಕಳೆ. ಅದನ್ನು ನೋಡಲಾಗದೆ ಟೂಲ್ ಚೀಲವನ್ನು ತಲೆಕೆಳಗು ಮಾಡಿ ಒದರಿದೆ. ಸ್ಪ್ಯಾನರ್ ಬಿತ್ತು. ಸ್ಪಾರ್ಕ್ ಪ್ಲಗ್ ಬಿತ್ತು. ಗ್ರೀಸ್ ಮೆತ್ತಿದ ಬನಿಯನ್ ಬಟ್ಟೆಯೊಂದು ನಿಧಾನಕ್ಕೆ ಬಿಚ್ಚಿಕೊಂಡಿತು. ಅದೇ ಹಳೇ ಐನೂರು. ಆರು.

ಕಳೆ ಇಳಿಯಿತು.

ಮಗಳಿಗೆ ಫೋನ್ ಮಾಡಿದೆವು. ಹೊಟ್ಟೆ ಹಿಡಿದುಕೊಂಡು ನಕ್ಕಮೇಲೆ ಕಾನೂನು ಹೇಳಿದಳು. ರದ್ದಾದ ನೋಟು ಒಬ್ಬರ ಹತ್ತಿರ ಹತ್ತಕ್ಕಿಂತ ಜಾಸ್ತಿ ಇರುವ ಹಾಗಿಲ್ಲ, 2017ರಲ್ಲೇ ಕಾಯ್ದೆ ಬಂದಿದೆ. ಹದಿಮೂರೂ ಒಬ್ಬರ ಹತ್ತಿರ ಸಿಕ್ಕಿದರೆ 32,500 ರೂಪಾಯಿವರೆಗೂ ದಂಡ. ಒಟ್ಟು ದುಡ್ಡು ಆರೂವರೆ ಸಾವಿರ, ಅದೂ ನಡೆಯದ ದುಡ್ಡು.

ನೋಟುಗಳನ್ನು ಹರಿದು ಹಾಕಲು ಇಬ್ಬರಿಗೂ ಕೈ ಬರಲಿಲ್ಲ. ಏಳು ಮತ್ತೆ ಮೆಂತ್ಯದೊಳಗೆ ಹೋದವು. ಆರು ಸ್ಪ್ಯಾನರ್ ಜೊತೆಗೆ. ಬಾಟಲಿಯೂ ಚೀಲವೂ ಲಾರಿ ಹತ್ತುತ್ತಿವೆ, ಬೇರೆ ಬೇರೆ ಡಬ್ಬದಲ್ಲಿ.

ಹ್ಯಾಂಗರ್ ಮಾತ್ರ ಉಳಿದಿದೆ. ಗುಜರಿಯವನು ಬೇಡ ಅಂದ.