ರಿಪೇರಿಗೆ ಮೊದಲು ಬೇಕಿರುವುದು ಬೀಗ ಹಾಕುವ ಒಂದು ಕೋಣೆ

ನಮ್ಮ ಭಾಷೆಯಲ್ಲಿ ಒಂದು ತೊಡಕಿದೆ. ಹಳೆಯ ಫ್ಯಾನ್ ಸರಿಮಾಡಿ ಇನ್ನೊಂದು ಮನೆಗೆ ಕೊಟ್ಟರೂ ‘ಮರುಬಳಕೆ’, ಅದೇ ಫ್ಯಾನ್ ಒಡೆದು ತಾಮ್ರ, ಅಲ್ಯೂಮಿನಿಯಂ ಬೇರೆ ಮಾಡಿ ಕುಲುಮೆಗೆ ಹಾಕಿದರೂ ‘ಮರುಬಳಕೆ’. ಆದರೆ ಇವೆರಡೂ ಒಂದೇ ಕೆಲಸವಲ್ಲ. ಐರೋಪ್ಯ ಒಕ್ಕೂಟ 2008ರ ತ್ಯಾಜ್ಯ ನಿರ್ದೇಶನದಲ್ಲಿ ಸರಿಮಾಡಿ ಮತ್ತೆ ಬಳಸುವುದನ್ನು ರೀಸೈಕ್ಲಿಂಗ್‌ಗಿಂತ ಒಂದು ಮೆಟ್ಟಿಲು ಮೇಲಿಟ್ಟಿತು. ಸ್ಥಳೀಯ ಆಡಳಿತದ ಬಜೆಟ್ ಪುಸ್ತಕದಲ್ಲೂ ಎರಡಕ್ಕೂ ಬೇರೆ ಬೇರೆ ಸಾಲು ಇರಲೇಬೇಕು. ಇಲ್ಲದಿದ್ದರೆ ದುಡ್ಡೆಲ್ಲ ಲಾರಿ, ಕಸ ಒತ್ತಿ ಕಟ್ಟುವ ಬೇಲಿಂಗ್ ಯಂತ್ರಗಳಿಗೇ ಹೋಗಿ, ರಿಪೇರಿಗೆ ಉಳಿಯುವುದು ಉದ್ಘಾಟನೆಯ ಬ್ಯಾನರ್ ಮಾತ್ರ.

ಮಾರ್ಟಿನ್ ಪೋಸ್ಟ್ಮಾ 2009ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲ ‘ರಿಪೇರಿ ಕೆಫೆ’ ನಡೆಸಿದ ಮೇಲೆ ಈ ಮಾದರಿ ಹಲವು ದೇಶಗಳಿಗೆ ಹಬ್ಬಿದೆ. ಕೆಟ್ಟ ವಸ್ತು ಹಿಡಿದು ಬನ್ನಿ, ಕೆಲಸ ಬಲ್ಲವರು ಪಕ್ಕದಲ್ಲಿ ಕೂತು ನಿಮ್ಮ ಕೈಯಿಂದಲೇ ಬಿಚ್ಚಿಸುತ್ತಾರೆ, ಇಷ್ಟೇ. ಇಂಥ ಗುಂಪುಗಳಲ್ಲಿ ಮೊದಲು ಬತ್ತುವುದು ಜನರ ಉತ್ಸಾಹ ಅಂತ ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ಮೊದಲು ಸೋಲುವುದು ಬೆನ್ನು. ಪ್ರತಿ ಸಲ ಉಪಕರಣದ ಪೆಟ್ಟಿಗೆ, ಮೀಟರ್, ಸೋಲ್ಡರಿಂಗ್ ಸ್ಟೇಷನ್ ಹೊತ್ತು ತಂದು ಸಂಜೆ ಮತ್ತೆ ಹೊತ್ತೊಯ್ಯುವ ಕೆಲಸ ಎಷ್ಟು ತಿಂಗಳು ನಡೆದೀತು? ಹಾಗಾಗಿ ಸ್ಥಳೀಯ ಆಡಳಿತದ ಮುಂದಿಡಬೇಕಾದ ಮೊದಲ ಬೇಡಿಕೆ ಅನುದಾನವಲ್ಲ, ನೆಲಮಹಡಿಯಲ್ಲಿ ಬೀಗ ಹಾಕಬಹುದಾದ ಒಂದು ಕೋಣೆ. ಕೆಲಸದ ಮೇಜುಗಳಿಗೆ ಹೋಗುವ ಪ್ರತಿ ಲೈನಿಗೂ 30 ಮಿಲಿಆಂಪಿಯರ್‌ನ ಆರ್‌ಸಿಡಿ (ಕರೆಂಟ್ ಸೋರಿದೊಡನೆ ಲೈನ್ ಕಡಿದುಬಿಡುವ ಸ್ವಿಚ್), ಸರಿಯಾದ ಅರ್ಥಿಂಗ್, ಸೋಲ್ಡರ್ ಹೊಗೆ ಹೊರಹೋಗಲು ಕಿಟಕಿ. ಖಾಲಿ ಬಿದ್ದಿರುವ ಸರ್ಕಾರಿ ಕೋಣೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗಂತೂ ಹೊಳೆಯುತ್ತಿಲ್ಲ.

ಎಷ್ಟು ಕೆಲಸ ಆಗುತ್ತದೆ ಅನ್ನುವುದನ್ನೂ ಲೆಕ್ಕ ಹಾಕಿಕೊಳ್ಳಿ. ಆರು ಜನ ಕೆಲಸ ಬಲ್ಲವರು, ಮೂರು ಗಂಟೆ ಹೊತ್ತು, ಒಂದು ವಸ್ತುವಿಗೆ ಸರಾಸರಿ 40 ನಿಮಿಷ ಅಂದರೆ 27 ವಸ್ತು. ಕೊನೆಯಲ್ಲಿ ಸುರಕ್ಷತಾ ಪರೀಕ್ಷೆಗೆ ಹೊತ್ತು ಬಿಟ್ಟರೆ 22 ಟೋಕನ್ ಸಾಕು. ಐವತ್ತು ಟೋಕನ್ ಹಂಚಿದರೆ ಅರ್ಧ ಜನ ಕಾದು ವಾಪಸ್ ಹೋಗುತ್ತಾರೆ, ಇನ್ನರ್ಧ ವಸ್ತುಗಳನ್ನು ಅವಸರದಲ್ಲಿ ಮುಚ್ಚಿ ಕೊಟ್ಟುಬಿಡುತ್ತೇವೆ. ಅಪಾಯ ಇರುವುದು ಈ ಅವಸರದಲ್ಲೇ.

ಒಂದು ಇಸ್ತ್ರಿಪೆಟ್ಟಿಗೆ ತೆಗೆದುಕೊಳ್ಳಿ. ಬಿಸಿಯೇ ಆಗುತ್ತಿಲ್ಲ. ಮೊದಲು ಪ್ಲಗ್, ವಯರ್ ಒಳಹೋಗುವ ಬಾಯಿ ನೋಡಿ. ಬಾಗಿ ಬಾಗಿ ಒಳಗೇ ತುಂಡಾಗುವುದು ಅಲ್ಲೇ. ಅದು ಸರಿಯಿದ್ದರೆ, ಬಿಸಿ ಮಿತಿಮೀರಿದಾಗ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್ ಮೇಲೆ ಅನುಮಾನ. ಮಲ್ಟಿಮೀಟರ್ ಇಟ್ಟಾಗ ಕಂಟಿನ್ಯೂಟಿ (ಕರೆಂಟ್ ಹರಿಯುವ ದಾರಿ ತುಂಡಾಗಿಲ್ಲ ಅಂತ) ತೋರಿಸದಿದ್ದರೆ ಅದು ಹೋಗಿದೆ. ಇದು ಒಂದೇ ಸಲ ಕೆಲಸ ಮಾಡಿ ಸಾಯುವ ಭಾಗ. ಅದರ ಬದಲು ತಂತಿಯ ತುಂಡು ಹಾಕಿ ‘ಸರಿಯಾಯ್ತು’ ಅನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾಳೆ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಅಂಟಿಕೊಂಡರೆ ಬಿಸಿಯನ್ನು ತಡೆಯುವ ಏನೂ ಉಳಿದಿರುವುದಿಲ್ಲ. ಫ್ಯೂಸ್ ಮೈಮೇಲೆ ಅಚ್ಚಾಗಿರುವ ತಾಪಮಾನ, ಆಂಪಿಯರ್, ಎರಡೂ ತಾಳೆಯಾಗುವ ಹೊಸದನ್ನೇ ಹಾಕಬೇಕು. ಅದನ್ನೂ ಸೋಲ್ಡರ್ ಮಾಡಬಾರದು, ಲೋಹದ ಕೊಳವೆಯಲ್ಲಿ ತಂತಿ ಒತ್ತಿ ಕ್ರಿಂಪ್ ಮಾಡಬೇಕು. ಸೋಲ್ಡರಿನ ಕಾವಿಗೇ ಹೊಸ ಫ್ಯೂಸ್ ಹಾರಿಹೋಗುತ್ತದೆ. ಎಷ್ಟೋ ಸಲ ‘ಹೊಸದು ಹಾಕಿದರೂ ಓಡಲಿಲ್ಲ’ ಅನ್ನುವುದಕ್ಕೆ ಕಾರಣ ಇದೇ.

ಅದಾದ ಮೇಲೆ ಅರ್ಥಿಂಗ್ ಕಂಟಿನ್ಯೂಟಿ, ಆಮೇಲೆ 500 ವೋಲ್ಟ್ ಡಿಸಿಯಲ್ಲಿ ಇನ್ಸುಲೇಷನ್ ಪರೀಕ್ಷೆ, ಅಂದರೆ ಕರೆಂಟ್ ಹೊರಮೈಗೆ ಸೋರುತ್ತಿದೆಯೇ ಅಂತ ನೋಡುವುದು. ಲೋಹದ ಮೈಯ, ಅರ್ಥಿಂಗ್ ಇರುವ ಉಪಕರಣಕ್ಕೆ ಸಾಮಾನ್ಯವಾಗಿ 1 ಮೆಗಓಮ್‌ಗಿಂತ ಕಡಿಮೆ ಬರಬಾರದು, ಅರ್ಥಿಂಗ್ ಬದಲು ಎರಡು ಪದರದ ರಕ್ಷಣೆ (ಡಬಲ್ ಇನ್ಸುಲೇಷನ್) ಇರುವುದಕ್ಕೆ 2. ಸರ್ಜ್ ರಕ್ಷಣೆ ಇರುವ ಎಕ್ಸ್‌ಟೆನ್ಷನ್ ಬೋರ್ಡ್ 500 ವೋಲ್ಟ್‌ಗೆ ಸುಮ್ಮನೆ ಫೇಲ್ ತೋರಿಸಬಹುದು, ಹೆಚ್ಚಿನ ವೋಲ್ಟೇಜ್ ಬಂದಾಗ ತೆರೆದುಕೊಳ್ಳುವ ಒಳಗಿನ ವ್ಯಾರಿಸ್ಟರ್ ಎಂಬ ಭಾಗ ಕರೆಂಟ್ ಹರಿಯಬಿಡುತ್ತದೆ. ಅದನ್ನು 250ರಲ್ಲಿ ನೋಡಬೇಕು. ಈ ಪರೀಕ್ಷೆಯ ಯಂತ್ರ, ಅದರ ವಾರ್ಷಿಕ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಎಂಬ ತಪಾಸಣೆ), ಸಾರ್ವಜನಿಕ ಹೊಣೆಗಾರಿಕೆಯ ವಿಮೆ, ಈ ಮೂರನ್ನು ಆಡಳಿತ ವಹಿಸಿಕೊಳ್ಳಲಿ. ಫೋಟೋದಲ್ಲಿ ಚೆನ್ನಾಗಿ ಕಾಣದ ಖರ್ಚು ಇದು, ಹಾಗಾಗಿಯೇ ದಾನಿಗಳು ಕೊಡುವುದಿಲ್ಲ.

ಆಡಳಿತ ನೆರವಾಗಬೇಕಾದ ಇನ್ನೊಂದು ಜಾಗ, ತ್ಯಾಜ್ಯ ಸಂಗ್ರಹ ಕೇಂದ್ರದ ಗೇಟು. ಓಡುತ್ತಿರುವ ಸ್ಥಿತಿಯಲ್ಲೇ ಅಲ್ಲಿಗೆ ಬರುವ ಕುರ್ಚಿ, ಸೈಕಲ್, ಮಾನಿಟರ್‌ಗಳು ಕಂಟೇನರಿಗೆ ಬೀಳುವ ಆ ಎರಡು ಮೀಟರ್ ಎತ್ತರದಲ್ಲೇ ಕಸವಾಗುತ್ತವೆ. ಅವುಗಳನ್ನು ಹಿಡಿಯಬೇಕಾದ್ದು ಬೀಳುವ ಮೊದಲು. ಗೇಟಿನ ಪಕ್ಕ ಒಂದು ಶೀಟಿನ ಮಾಡು, ತೂಕದ ಯಂತ್ರ, ‘ಇದು ಓಡ್ತದಾ?’ ಅಂತ ಕೇಳುವ ಒಬ್ಬರು ಸಾಕು. ಮಳೆ ತಡೆಯುವ ಈ ಮಾಡು ಬಹಳ ಮುಖ್ಯ. ಒಂದು ಒದ್ದೆ ಚೀಲ ಸೇರಿದರೆ ಸುತ್ತಲಿನ ಬಟ್ಟೆಗೆಲ್ಲ ಬೂಷ್ಟು ಹತ್ತುತ್ತದೆ. ನೀರು ಕುಡಿದ ಸೋಫಾ ಫೋಮ್ ಸರಿಯಾಗಿ ಒಣಗುವುದೇ ಇಲ್ಲ. ಹಾಸಿಗೆ, ಸೋಫಾಗಳ ಹೊಲಿಗೆಯಲ್ಲಿ ತಿಗಣೆ ನೋಡದೆ ಒಳಗೆ ಬಿಡಬಾರದು. ಉಬ್ಬಿದ ಲಿಥಿಯಂ ಬ್ಯಾಟರಿ ಸಿಕ್ಕರೆ ಒತ್ತಬೇಡಿ, ಚುಚ್ಚಬೇಡಿ, ತುದಿಗಳಿಗೆ ಟೇಪ್ ಸುತ್ತಿ ಮರಳು ತುಂಬಿದ ಲೋಹದ ಡಬ್ಬದಲ್ಲಿ, ಕಟ್ಟಡದಿಂದ ದೂರ ಇಡಿ. ಅದೇ ಬ್ಯಾಟರಿ ಕಸ ಒತ್ತುವ ಲಾರಿಗೆ ಬಿದ್ದರೆ ಬೆಂಕಿ.

ಸ್ವೀಡನ್‌ನ ಎಸ್ಕಿಲ್ಸ್ಟುನಾ ನಗರ 2015ರಲ್ಲಿ ಇದನ್ನೇ ದೊಡ್ಡದಾಗಿ ಮಾಡಿತು. ರೀಸೈಕ್ಲಿಂಗ್ ಕೇಂದ್ರದ ಪಕ್ಕದಲ್ಲೇ ಹಳೆಯ ವಸ್ತುಗಳ ಮಾಲ್, ಹೆಸರು ರೆಟುನಾ. ಜನ ತಂದುಕೊಟ್ಟದ್ದನ್ನು ಅಲ್ಲೇ ವಿಂಗಡಿಸುತ್ತಾರೆ, ಅಂಗಡಿಯವರು ಸರಿಮಾಡಿ ಮಾರುತ್ತಾರೆ.

ಆದರೆ ಮಾಡು ಕಟ್ಟಿದರೂ ಕೆಲವು ಕಡೆ ಒಂದು ಕುರ್ಚಿಯನ್ನೂ ಮುಟ್ಟಲಾಗುವುದಿಲ್ಲ. ‘ಆವರಣದೊಳಗೆ ಬಂದ ಎಲ್ಲ ವಸ್ತುಗಳೂ ಗುತ್ತಿಗೆದಾರರಿಗೆ ಸೇರಿದ್ದು’ ಎಂಬ ಒಂದು ಸಾಲು ಗುತ್ತಿಗೆಯಲ್ಲಿದ್ದರೆ ಮುಗಿಯಿತು. ಅವರಿಗೆ ಟನ್ ಲೆಕ್ಕದಲ್ಲಿ ದುಡ್ಡು, ತೂಕ ಇಳಿದರೆ ನಷ್ಟ. ಮುಂದಿನ ಟೆಂಡರಿನಲ್ಲಿ ಎರಡು ಮಾತು ಸೇರಿಸಲು ಒತ್ತಾಯಿಸಿ: ಕಂಟೇನರಿಗೆ ಹೋಗುವ ಮೊದಲು ಆರಿಸಿಕೊಳ್ಳುವ ಹಕ್ಕು ಸಮುದಾಯ ಗುಂಪಿಗೆ, ಆ ಗುಂಪು ಹೊರತೆಗೆದ ಪ್ರತಿ ಟನ್ನಿಗೆ ಆಡಳಿತಕ್ಕೆ ಉಳಿತಾಯವಾದ ವಿಲೇವಾರಿ ಖರ್ಚಿನ ಹಣ ಆ ಗುಂಪಿಗೇ. ಇದು ಹೊಸ ಕಲ್ಪನೆಯೇನೂ ಅಲ್ಲ. ಬ್ರಿಟನ್ನಿನ 1990ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲೇ ‘ರೀಸೈಕ್ಲಿಂಗ್ ಕ್ರೆಡಿಟ್’ ಎಂಬ ಹೆಸರಿನಲ್ಲಿ ಇಂಥ ಏರ್ಪಾಟು ಬಂತು.

ತೂಕವೊಂದನ್ನೇ ನಂಬಬೇಡಿ ಅಂತಲೂ ಹೇಳುತ್ತೇನೆ. ಒಂದು ಟ್ರ್ಯಾಕ್ಟರ್ ಕಟ್ಟಡದ ಅವಶೇಷದ ಮುಂದೆ ಸರಿಯಾದ ಐವತ್ತು ಲ್ಯಾಪ್‌ಟಾಪ್‌ಗಳ ತೂಕ ಏನೇನೂ ಅಲ್ಲ. ಅದಕ್ಕೇ ಪ್ರತಿ ಟೋಕನ್ನಿಗೂ ಒಂದು ಚೀಟಿ ಬರೆಯಬೇಕು: ವಸ್ತು, ತಯಾರಕರು, ಅಂದಾಜು ವಯಸ್ಸು, ದೋಷ, ಹಾಕಿದ ಭಾಗ, ತೂಕ, ಆಯ್ತೋ ಇಲ್ಲವೋ, ಆಗದಿದ್ದರೆ ಯಾಕೆ. ಕೊನೆಯ ಕಾಲಮ್ಮಿನ ಬೆಲೆ ಎಲ್ಲಕ್ಕಿಂತ ಹೆಚ್ಚು. ‘ಭಾಗ ಸಿಗಲಿಲ್ಲ’, ‘ಸ್ಕ್ರೂ ಇಲ್ಲ, ಅಂಟಿಸಿದ್ದಾರೆ’ ಎಂಬ ಉತ್ತರಗಳು ವರ್ಷದ ಕೊನೆಗೆ ಆಡಳಿತದ ಖರೀದಿ ವಿಭಾಗದ ಮೇಜಿಗೆ ಹೋಗಲಿ. ಫ್ಯಾನ್, ಕಂಪ್ಯೂಟರ್, ಬೀದಿದೀಪ ಕೊಳ್ಳುವ ದೊಡ್ಡ ಗಿರಾಕಿ ಅವರೇ. ಬಿಡಿಭಾಗ ಇಷ್ಟು ವರ್ಷ ಸಿಗಲೇಬೇಕು, ಮಾಮೂಲಿ ಸ್ಕ್ರೂಡ್ರೈವರಿನಲ್ಲಿ ಬಿಚ್ಚಲು ಬರಬೇಕು ಎಂದು ಟೆಂಡರಿನಲ್ಲಿ ಬರೆಯುವ ಅಧಿಕಾರ ಅವರ ಕೈಯಲ್ಲಿ ಈಗಾಗಲೇ ಇದೆ.